ಭಿನ್ನಾಭಿಪ್ರಾಯ ದ್ರೋಹವಲ್ಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಗ ಮುಸ್ಲಿಮರೆಲ್ಲರೂ ರಜಾಕಾರರ ಪರವಾಗಿದ್ದರೇ? ಇಲ್ಲ. ಹೈದರಾಬಾದಿನ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಸಂಸ್ಥಾನವು ಭಾರತದಲ್ಲಿ ವಿಲೀನವಾಗಲೆಂದು ಬರೆದರು. ಆಗಸ್ಟ್ ತಿಂಗಳಲ್ಲಿ ಅವರ ಕೊಲೆಯಾಯಿತು. ಬರೆಯುವ ಕೈಯನ್ನೂ ಕಡಿದರು.

ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ನಡೆದು ರಜಾಕಾರರ ಅಟ್ಟಹಾಸ ಮುಗಿಯಿತು. ಆದರೆ ಅನಂತರದ ಹಿಂಸೆಯಲ್ಲಿ, ಮುಸ್ಲಿಮನೆಂದರೆ ರಜಾಕಾರನೆಂದು ಬಗೆದು ಅಮಾಯಕರನ್ನೂ ಕೊಂದರು. ಪಂಡಿತ್ ಸುಂದರಲಾಲ್ ಸಮಿತಿಯ ವರದಿಯು ಅತಿ ಹೆಚ್ಚು ಹಾನಿಗೊಳಗಾದ 4 ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವನ್ನೂ ಹೆಸರಿಸಿದೆ.

ಸಮುದಾಯಕ್ಕೆಲ್ಲ ಒಂದೇ ಅಭಿಪ್ರಾಯ ಇರಬೇಕೆಂಬ ಹಠ, ಇದ್ದೇ ಇದೆಯೆಂಬ ಭ್ರಮೆ, ಎರಡೂ ಜೀವ ತೆಗೆದವು. ಆ ದಿನಗಳ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ಶೋಯೆಬುಲ್ಲಾ ಖಾನರ ಹೆಸರನ್ನೂ ಹೇಳಿರಿ. ಮನೆಯಲ್ಲಿ, ಜಮಾತಿನಲ್ಲಿ ಬೇರೆ ಮಾತಾಡುವವರನ್ನೂ ಸಮಾಧಾನದಿಂದ ಕೇಳಿರಿ.