ನಾಲ್ಕೂ ಗಾಲಿಗೆ ಬಲ: ಕಬ್ಬಿನ ಹೊಲದಿಂದ ಎಸ್ಟೇಟ್ ಕಾರಿನವರೆಗೆ

ಮುಧೋಳ, ಜಮಖಂಡಿ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅರ್ಧ ರಸ್ತೆ ಟ್ರ್ಯಾಕ್ಟರುಗಳದೇ. ಒಂದೊಂದರ ಬೆನ್ನಿಗೂ ಎರಡೆರಡು ಟ್ರಾಲಿ. ಆ ಸಾಲಿನಲ್ಲಿ ಕೆಂಪು ಬಣ್ಣದ ಮ್ಯಾಸಿ ಫರ್ಗುಸನ್ ಗಾಡಿಗಳೂ ಇರುತ್ತವೆ. ಮದ್ರಾಸಿನಲ್ಲಿ 1960ರಲ್ಲಿ ಹುಟ್ಟಿದ ಟಾಫೆ ಕಂಪನಿ ನಮ್ಮ ರೈತರಿಗೆ ಪರಿಚಯಿಸಿದ ಗಾಡಿ ಅದು. ಆ ಹೆಸರಿನ ಹಿಂದಿರುವವನು ಐರ್ಲೆಂಡಿನ ಒಬ್ಬ ರೈತನ ಮಗ, ಹ್ಯಾರಿ ಫರ್ಗುಸನ್. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹರಿಯುವ ಎಸ್ಟೇಟ್ ಕಾರಿನ (ಹಿಂಬದಿಯ ಸರಕಿನ ಜಾಗದ ಮೇಲೂ ಚಾವಣಿ ಚಾಚಿರುವ ಕಾರು) ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜರ್ಮನಿಯಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ಈ ಟ್ರ್ಯಾಕ್ಟರಿನವನಿಂದಲೇ ಆರಂಭವಾಗಬೇಕು.

ಗಾಲಿಗೆ ಹಿಡಿತ ಅಂದರೇನು ಎಂಬುದು ಇಲ್ಲಿಯವರಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ. ಕೃಷ್ಣೆ, ಘಟಪ್ರಭೆಗಳ ದಂಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಅಂಟಾಗುತ್ತದೆ. ಟೈರಿನ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡು ಹತ್ತು ಮಾರು ಹೋಗುವಷ್ಟರಲ್ಲಿ ಹೊಸ ಟೈರನ್ನೂ ಸವೆದ ಟೈರಿನಂತೆ ನುಣುಪು ಮಾಡಿಬಿಡುತ್ತದೆ. ಆಮೇಲೆ ಗಾಲಿ ನಿಂತಲ್ಲೇ ತಿರುಗಿ ತನ್ನ ತಗ್ಗನ್ನು ತಾನೇ ತೋಡಿಕೊಳ್ಳುತ್ತದೆ. ಇಂಥ ಮಣ್ಣಿನ ಸೀಮೆಗೆ ನೀರೂ ಬಂತು: 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಕೊಂಡರು. ನೀರು ನಿಂತಂತೆ ಕಬ್ಬು ಹೆಚ್ಚಿತು. ಮುಧೋಳ, ಹಿರೇಪಡಸಲಗಿ, ಸಿದ್ದಾಪುರ, ಬೀಳಗಿಯ ಬಾಡಗಂಡಿ ಎಂದು ಸುತ್ತಲೂ ಕಾರ್ಖಾನೆಗಳ ಚಿಮಣಿಗಳೆದ್ದವು. ಚಕ್ಕಡಿ ಎಳೆಯುತ್ತಿದ್ದ ಭಾರ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ಮೇಲೆ ಬಿತ್ತು.

ಆ ಎರಡೇ ಗಾಲಿಗಳಿಂದ ಹೆಚ್ಚು ಕೆಲಸ ತೆಗೆಯುವ ದಾರಿಯನ್ನು ಫರ್ಗುಸನ್ ಮೊದಲೇ ಕಂಡುಕೊಂಡಿದ್ದ. ನೇಗಿಲನ್ನು ಸುಮ್ಮನೆ ಕಟ್ಟಿ ಎಳೆಯುವ ಬದಲು ಮೂರು ಕಡೆ ಜೋಡಿಸಿ ಹೈಡ್ರಾಲಿಕ್ಕಿನಿಂದ ಹಿಡಿದರೆ, ನೇಗಿಲಿನ ಜಗ್ಗೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಇಂದು ಜಗತ್ತಿನ ಬಹುತೇಕ ಟ್ರ್ಯಾಕ್ಟರುಗಳು ಪಾಲಿಸುವ ಕ್ರಮ ಅದು. ಆದರೆ ಟ್ರಾಲಿ ನೇಗಿಲಲ್ಲ. ತುಂಬಿದ ಎರಡು ಟ್ರಾಲಿ ಹೊಲದ ಬದು ಏರಿ ಡಾಂಬರಿಗೆ ಬರುವಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ, ಮುಂದಿನ ಗಾಲಿ ಗಾಳಿಯಲ್ಲಿ ಆಡುತ್ತದೆ, ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಂಭಾಗಕ್ಕೆ ಕಬ್ಬಿಣದ ಭಾರ ಹೇರುವುದು, ಟೈರಿಗೆ ನೀರು ತುಂಬುವುದು, ಇವೆಲ್ಲ ಆ ಕೊರತೆಗೆ ಹಾಕಿದ ತೇಪೆಗಳು.

ನಾಲ್ಕೂ ಗಾಲಿಗೆ ಬಲ ಕೊಟ್ಟರಾಯಿತಲ್ಲ ಎನ್ನಬಹುದು. ಜೀಪು ಮಾಡಿದ್ದು ಅದನ್ನೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದರು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಎರಡರಲ್ಲೂ ಮುಂದಿನ ಗಾಲಿಯ ಬಲ ಬೇಕೆಂದಾಗ ಮಾತ್ರ. ಲಿವರ್ ಎಳೆದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರಿನಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಡಾಂಬರಿನ ತಿರುವಿನಲ್ಲಿ ಮಾತ್ರ ತೊಡಕು. ತಿರುಗುವ ಗಾಡಿಯ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಉದ್ದದ ದಾರಿ ಸವೆಸಬೇಕು. ಬಿಗಿದ ಆಕ್ಸಲ್ ಅದಕ್ಕೆ ಬಿಡುವುದಿಲ್ಲ. ಕೆಸರಾದರೆ ಗಾಲಿ ತುಸು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಜಾರಲೂ ಆಗದೆ ಷಾಫ್ಟುಗಳು ಒಳಗೊಳಗೇ ಹುರಿಗೊಳ್ಳುತ್ತವೆ, ಸ್ಟೇರಿಂಗ್ ಕಲ್ಲಾಗುತ್ತದೆ, ಟೈರು ಉಜ್ಜಿಹೋಗುತ್ತದೆ.

ಹಾಗಾಗಿ ಈ ಕ್ಷೇತ್ರದ ನಿಜವಾದ ಇತಿಹಾಸ ಬಲ ಹೆಚ್ಚಿಸಿದ ಕಥೆಯಲ್ಲ, ಬಲ ಹಂಚಿದ ಕಥೆ. ಟ್ರ್ಯಾಕ್ಟರ್ ವ್ಯವಹಾರದಿಂದ ಹೊರಬಂದ ಫರ್ಗುಸನ್ 1950ರ ದಶಕದಲ್ಲಿ ತನ್ನ ಹಣ, ಹಟ ಎರಡನ್ನೂ ಇದಕ್ಕೆ ಸುರಿದ. ಎಡ, ಬಲ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರು ಎರಡೂ ಆಕ್ಸಲ್‌ಗಳಲ್ಲಿ ಇರುತ್ತದೆ; ಅವುಗಳ ನಡುವೆ ಮೂರನೆಯದನ್ನು ಇಟ್ಟರೆ ತಿರುವಿನ ತೊಡಕು ನೀಗುತ್ತದೆ. ಆದರೆ ಹೊಸದೊಂದು ಹುಟ್ಟುತ್ತದೆ. ಡಿಫರೆನ್ಷಿಯಲ್ಲು ನಡುವೆ ಗೂಟ ಹಾಕಿದ ನೊಗವಿದ್ದಂತೆ: ಒಂದು ಎತ್ತಿನ ಕಾಲು ಜಾರಿದರೆ ಇನ್ನೊಂದು ಎಷ್ಟೇ ಗಟ್ಟಿಯಿದ್ದರೂ ನೊಗ ವಾಲುತ್ತದೆಯೇ ಹೊರತು ಬಂಡಿ ಮುಂದಕ್ಕೆ ಹೋಗುವುದಿಲ್ಲ. ನಾಲ್ಕರಲ್ಲಿ ಒಂದು ಗಾಲಿ ಜಾರಿದರೂ ಕಾರು ನಿಂತಂತೆಯೇ. ಆ ವಾಲುವಿಕೆಗೆ ತನ್ನಿಂದ ತಾನೇ ಮಿತಿ ಹಾಕುವ ಏರ್ಪಾಡು ಫರ್ಗುಸನ್ ಬಳಗದ ದೊಡ್ಡ ಸಾಧನೆ. ಆರ್5 ಎಂಬ ಅವರ ಪ್ರಾಯೋಗಿಕ ಗಾಡಿ ಎಸ್ಟೇಟ್ ಕಾರೇ ಆಗಿತ್ತು, ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯೂ ಅದರಲ್ಲಿತ್ತು. 1960ರಲ್ಲಿ ಆತ ತೀರಿಕೊಂಡ. ಮರುವರ್ಷ ಔಲ್ಟನ್ ಪಾರ್ಕಿನ ರೇಸಿನಲ್ಲಿ ಅವನ ಬಳಗದ ಪಿ99 ಕಾರನ್ನು ಚಾಲಕ ಸ್ಟರ್ಲಿಂಗ್ ಮಾಸ್ ಗೆಲುವಿಗೆ ಒಯ್ದರು. ಫಾರ್ಮುಲಾ ಒನ್ ಕಾರುಗಳ ಪಂದ್ಯವೊಂದನ್ನು ನಾಲ್ಕೂ ಗಾಲಿಯ ಬಲದಿಂದ ಗೆದ್ದ ಕಾರು ಅದೊಂದೇ. 1966ರ ಜೆನ್‌ಸನ್ ಎಫ್ಎಫ್ ಇದೇ ವಿದ್ಯೆಯನ್ನು ಮಾರುಕಟ್ಟೆಗೆ ತಂದಿತು. ಬಲದ 37 ಪಾಲು ಮುಂದಕ್ಕೆ, 63 ಪಾಲು ಹಿಂದಕ್ಕೆ. ದುಬಾರಿಯಾದ ಆ ಕಾರುಗಳು ತಯಾರಾದದ್ದು 320 ಮಾತ್ರ.

ಸಾಮಾನ್ಯ ಜನರ ಕೈಗೆ ಸಿಗುವ ಎಸ್ಟೇಟ್ ಬಂದದ್ದು ಜಪಾನಿನಿಂದ, ಅದೂ ವಿದ್ಯುತ್ ಕಂಪನಿಯೊಂದರ ಒತ್ತಾಯದಿಂದ. ತೊಹೊಕು ಸೀಮೆಯ ಹಿಮದ ಬೆಟ್ಟಗಳಲ್ಲಿ ತಂತಿ ದುರಸ್ತಿಗೆ ಹೋಗುವ ನೌಕರರಿಗೆ ಜೀಪಿನ ಚಳಿ, ಕುಲುಕಾಟ ಸಾಕಾಗಿತ್ತು. ಅವರಿಗಾಗಿ ನಡೆದ ಪ್ರಯೋಗವೇ ಬೆಳೆದು 1972ರಲ್ಲಿ ಸುಬಾರು ಲಿಯೋನ್ ಎಸ್ಟೇಟ್ ಆಯಿತು. ಅದರಲ್ಲಿ ನಡುವಿನ ಡಿಫರೆನ್ಷಿಯಲ್ ಇರಲಿಲ್ಲ, ಜೀಪಿನಂತೆ ಲಿವರೇ. ಆದರೂ ನನಗೆ ಈ ಕಾರಿನ ಮೇಲೆ ಹೆಚ್ಚು ಗೌರವ. ಮಳೆಗಾಲದ ರಾತ್ರಿ ಕಂಬ ಹತ್ತುವ ನಮ್ಮ ಲೈನ್‌ಮನ್ನುಗಳನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ.

1980ರ ಜಿನೀವಾ ಕಾರು ಪ್ರದರ್ಶನದಲ್ಲಿ ಜರ್ಮನಿಯ ಆಡಿ ಕಂಪನಿ ತನ್ನ ಕ್ವಾಟ್ರೋ ಕಾರು ನಿಲ್ಲಿಸಿದ ಮೇಲೆ ಹಲವರು ಈ ದಾರಿ ಹಿಡಿದರು. ಫಿನ್ಲೆಂಡಿನ ಹಿಮದಲ್ಲಿ ಇಲ್ಟಿಸ್ ಎಂಬ ಸೈನ್ಯದ ಜೀಪೊಂದು ಹೆಚ್ಚು ಶಕ್ತಿಯ ಕಾರುಗಳನ್ನು ಹಿಂದಿಕ್ಕಿದ್ದನ್ನು ಕಂಡು ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರಿಗೆ ಹೊಳೆದ ವಿಚಾರ ಅದು. ಮೊದಮೊದಲು ನಡುವಿನ ಡಿಫರೆನ್ಷಿಯಲ್ಲನ್ನು ಚಾಲಕನೇ ಬಿಗಿಯಬೇಕಿತ್ತು. 1986ರಿಂದ ಬಂದ ಟಾರ್ಸೆನ್ ಗೇರುಗಳು, ಜಾರುವ ಕಡೆ ಬಿಟ್ಟು ಹಿಡಿತವಿದ್ದ ಕಡೆಗೆ ತಾವೇ ಬಲ ತಳ್ಳಿದವು. 1994ರಲ್ಲಿ ಪೋರ್ಷೆ ಜತೆಗೂಡಿ ಮಾಡಿದ ಆರ್‌ಎಸ್2 ಅವಂತ್ ಎಸ್ಟೇಟಿಗೆ 315 ಕುದುರೆಶಕ್ತಿ. ಆದರೂ ಈ ಹಳೆಯ ಆಡಿಗಳ ಎಂಜಿನ್ ಮುಂದಿನ ಆಕ್ಸಲ್ಲಿಗಿಂತ ಮುಂದೆ ಕೂತಿತ್ತು. ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯುತ್ತಿತ್ತು. ಹಿಂಭಾಗಕ್ಕೆ ಸರಕು ಬಿದ್ದಾಗಲೇ ಎಸ್ಟೇಟಿನ ಗುಣ ಕಾಣುವುದು. ರಬಕವಿ-ಬನಹಟ್ಟಿಯ ವ್ಯಾಪಾರಿ ಮುಂಗಾಲಿಯಿಂದ ಓಡುವ ಕಾರಿನ ಹಿಂಬದಿಗೆ ಸೀರೆ ಗಂಟುಗಳನ್ನು ಒಟ್ಟಿ ಒದ್ದೆ ಏರು ಹತ್ತಿಸಿದರೆ ಮುಂದಿನ ಗಾಲಿಗಳು ಹಗುರಾಗಿ ಜಾರುತ್ತವೆ. ನಾಲ್ಕೂ ಗಾಲಿಗೆ ಬಲವಿರುವ ಎಸ್ಟೇಟಿನಲ್ಲಿ ಅದೇ ಭಾರ ಹಿಂದಿನ ಗಾಲಿಗಳಿಗೆ ಹಿಡಿತವಾಗುತ್ತದೆ.

ನಾಲ್ಕೂ ಗಾಲಿಗೆ ಬಲವಿರುವ ಎಸ್ಟೇಟಿನ ಈ ಕೊಂಬೆ ನಮ್ಮ ದೇಶಕ್ಕೆ ಹೆಚ್ಚೇನೂ ಚಾಚಲಿಲ್ಲ. 1992ರ ಟಾಟಾ ಎಸ್ಟೇಟ್ ಹಿಂದಿನ ಗಾಲಿಗಳಿಂದಲೇ ಓಡಿತು. ಸಿಯೆರಾ, ಸಫಾರಿಗಳಿಗೆ ಫೋರ್ ಬೈ ಫೋರ್ ಬಂದರೂ ಅವು ಜೀಪಿನ ವಂಶದವು. 2000ರ ದಶಕದಲ್ಲಿ ಸುಬಾರು ಫಾರೆಸ್ಟರ್ ಷೆವರ್ಲೆ ಹೆಸರಿನಲ್ಲಿ ಬಂದು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಅಂಥ ಹಳೆಯ ಗಾಡಿ ಕೊಳ್ಳಹೊರಟವರು ಮೊದಲು ನೋಡಬೇಕಾದ್ದು ಎಂಜಿನ್ನಲ್ಲ, ಟೈರು. ಎರಡು ಹೊಸತು, ಎರಡು ಸವೆದದ್ದು ಹಾಕಿದರೆ ಗಾಲಿಗಳ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲೂ ನಡುವಿನ ಜೋಡಣೆ ಉಜ್ಜುತ್ತಲೇ ಇದ್ದು ಬಿಸಿಯಾಗಿ ಕೆಡುತ್ತದೆ.

ಇಲ್ಲಿ ಚಿಗುರಿದ್ದು ಟ್ರ್ಯಾಕ್ಟರಿನ ಕೊಂಬೆ. ಮುಂದಿನ ಸಣ್ಣ ಗಾಲಿಗಳಿಗೂ ಬಲವಿರುವ ಫೋರ್ ಬೈ ಫೋರ್ ಟ್ರ್ಯಾಕ್ಟರುಗಳು ಕಬ್ಬಿನ ಹೊಲಕ್ಕಿಳಿದಿವೆ. ಅವುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ, ಮುಂದಿನ ಗಾಲಿ ತುಸು ಹೆಚ್ಚೇ ವೇಗದಲ್ಲಿ ತಿರುಗುವಂತೆ ಲೆಕ್ಕ ಹಾಕಿರುತ್ತಾರೆ. ಹೊಲ ಬಿಟ್ಟು ಡಾಂಬರಿಗೆ ಬಂದೊಡನೆ ಲಿವರ್ ಬಿಡಿಸದಿದ್ದರೆ ಮುಂದಿನ ಟೈರು ಉಳಿಯುವುದಿಲ್ಲ. ಆದರೆ ತುಂಬಿದ ಟ್ರಾಲಿಯೊಂದಿಗೆ ಇಳಿಜಾರಿಗೆ ಬಂದಾಗ ಮಾತು ಬೇರೆ. ಕಾರಿನ ಬ್ರೇಕು ಹೇಗೂ ನಾಲ್ಕೂ ಗಾಲಿಗಿರುತ್ತದೆ. ಟ್ರ್ಯಾಕ್ಟರಿನದು ಸಾಮಾನ್ಯವಾಗಿ ಹಿಂದಿನ ಎರಡಕ್ಕೆ ಮಾತ್ರ, ನಮ್ಮ ಟ್ರಾಲಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಅಲ್ಲಿ ಲಿವರ್ ಎಳೆದು ನಾಲ್ಕೂ ಗಾಲಿ ಜೋಡಿಸಿದರೆ ಹಿಂದಿನ ಬ್ರೇಕು ಷಾಫ್ಟಿನ ಮೂಲಕ ಮುಂದಿನ ಗಾಲಿಗಳನ್ನೂ ಹಿಡಿಯುತ್ತದೆ. ಏರಿಗಾಗಿ ಫೋರ್ ಬೈ ಫೋರ್ ಕೊಂಡ ಚಾಲಕರಿಗೆ ಇಳಿಜಾರಿನ ಈ ಉಪಯೋಗವನ್ನು ಗಾಡಿ ಮಾರುವ ದಿನವೇ, ಮಾರುವವರೇ ಓಡಿಸಿ ತೋರಿಸಿಕೊಡಬೇಕು.