ಸ್ಲೈಡುಗಳ ನಡುವೆ ಓಡಿದ ಕುದುರೆ

ನಮ್ಮ ಸಾಫ್ಟ್‌ವೇರ್ ಮಂದಿಗೆ ಪ್ರೆಸೆಂಟೇಶನ್ ಅಂದರೆ ಪವರ್‌ಪಾಯಿಂಟ್. ಮಧ್ಯೆ ಒಂದು ವಿಡಿಯೋ ತುಣುಕು ತುರುಕಿದರೆ ಜನ ತೂಕಡಿಸುವುದಿಲ್ಲ ಅನ್ನೋ ನಂಬಿಕೆ ಬೇರೆ! ಆದರೆ ಈ ಉಪಾಯ ಸಿನೆಮಾಕ್ಕಿಂತಲೂ ಹಳೆಯದು. ಅದನ್ನು ನಮಗಿಂತ ಚೆನ್ನಾಗಿ ಬಳಸಿದವನು ಎಡ್ವರ್ಡ್ ಮೈಬ್ರಿಡ್ಜ್ ಎಂಬ ಫೋಟೋಗ್ರಾಫರ್. (ಈತ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದು 1875ರಲ್ಲಿ ಖುಲಾಸೆಯಾದ ಕಥೆ ಇನ್ನೊಂದು ದಿನಕ್ಕಿರಲಿ..)

1878ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್ ಲೇಲ್ಯಾಂಡ್ ಸ್ಟ್ಯಾನ್‌ಫರ್ಡ್‌ನ ಪಾಲೋ ಆಲ್ಟೋ ಕುದುರೆ ಫಾರ್ಮಿನಲ್ಲಿ ಮೈಬ್ರಿಡ್ಜ್ ಸಾಲಾಗಿ 12 ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ನಿಜ ಅಂತ ಗೊತ್ತಾಯಿತು. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಾಗಲ್ಲ. ಕಾಲುಗಳೆಲ್ಲ ಹೊಟ್ಟೆಯಡಿ ಮಡಚಿಕೊಂಡಾಗ.

ತೊಂದರೆ ಶುರುವಾಗಿದ್ದು ಇಲ್ಲೇ. ಒಂದೊಂದೇ ಫೋಟೋ ನೋಡಿದರೆ ಕುದುರೆ ಎಡವಿ ಬೀಳುತ್ತಿರುವ ಹಾಗೆ ಕಾಣುತ್ತದೆ. ಕುದುರೆ ಎಲ್ಲಾದರೂ ಹೀಗೆ ಓಡುತ್ತದೆಯೇ? ನೂರಾರು ವರ್ಷ ಚಿತ್ರಗಳಲ್ಲಿ ನೋಡಿದ್ದೇ ಸತ್ಯವಾಗಿದ್ದಾಗ ಕ್ಯಾಮೆರಾದ ಮಾತು ಯಾರು ಕೇಳುತ್ತಾರೆ ಹೇಳಿ!

ಅದಕ್ಕೇ ಅವನು 1879ರಲ್ಲಿ ಝೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಮಾಡಿದ. ಗಾಜಿನ ತಟ್ಟೆಯ ಅಂಚಿಗೆ ಸುತ್ತಲೂ ಕುದುರೆಯ ಒಂದೊಂದು ಭಂಗಿ. ಅದು ಮ್ಯಾಜಿಕ್ ಲ್ಯಾಂಟರ್ನಿನ ಬೆಳಕಿನ ಮುಂದೆ ತಿರುಗುತ್ತದೆ. ಸೀಳುಗಳಿರುವ ಇನ್ನೊಂದು ತಟ್ಟೆ ಎದುರು ದಿಕ್ಕಿಗೆ ತಿರುಗುತ್ತದೆ. ಇದರಲ್ಲೊಂದು ಬಗ್ ಇತ್ತು: ಪರದೆಯ ಮೇಲೆ ಚಿತ್ರ ಅಡ್ಡಡ್ಡಲಾಗಿ ಕುಗ್ಗಿ ಕಾಣುತ್ತಿತ್ತು. ಹಾಗಾಗಿ ಫೋಟೋಗಳನ್ನು ನೇರವಾಗಿ ಹಾಕದೆ, ಅವುಗಳನ್ನು ನೋಡಿಕೊಂಡು ಕುದುರೆಗಳನ್ನು ಉದ್ದುದ್ದ ಎಳೆದು ಬರೆಸಿದ. ನಾವು ಮಾಡುವ ವರ್ಕ್‌ಅರೌಂಡ್ ಥರಾನೇ :)

ಅವನ ಉಪನ್ಯಾಸದ ಕ್ರಮ ನನಗೆ ಬಹಳ ಹಿಡಿಸಿತು. ಮೊದಲು ಮಾಮೂಲಿ ಸ್ಲೈಡುಗಳು: ಚಿತ್ರಕಾರರ ಕುದುರೆ, ಪಕ್ಕಕ್ಕೆ ಕ್ಯಾಮೆರಾದ ಕುದುರೆ, ಒಂದೊಂದು ಹೆಜ್ಜೆಗೂ ವಿವರಣೆ. ಆಮೇಲೆ ಯಂತ್ರ ತಿರುಗಿಸುತ್ತಿದ್ದ. ಈಗಷ್ಟೇ ನಂಬಲಾಗದ ವಿಕಾರ ಭಂಗಿಗಳೇ ಸೇರಿ ಕಣ್ಣೆದುರು ಸಲೀಸಾಗಿ ಓಡುವ ಕುದುರೆ! ಕ್ಷಣದಷ್ಟು ತುಣುಕು, ಮತ್ತೆ ಮತ್ತೆ ಅದೇ ಸುತ್ತು. ಅಲ್ಲಿ ವಿಡಿಯೋ ಅಲಂಕಾರಕ್ಕಿರಲಿಲ್ಲ, ಸಾಕ್ಷಿಗಿತ್ತು. ಸ್ಲೈಡುಗಳಿಲ್ಲದೆ ಬರೀ ಓಟ ತೋರಿಸಿದ್ದರೆ ಜನ ಆಟಿಕೆ ಅಂತ ನೋಡಿ ನಕ್ಕು ಎದ್ದುಹೋಗುತ್ತಿದ್ದರು ಅಂತ ನನ್ನ ಅನಿಸಿಕೆ.

1882ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇದನ್ನು ನೋಡಿದವರಲ್ಲಿ ವೇಲ್ಸ್ ರಾಜಕುಮಾರ, ಕವಿ ಟೆನಿಸನ್ ಇದ್ದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ 'ದಿ ಹಾರ್ಸ್ ಇನ್ ಮೋಷನ್' ಪುಸ್ತಕ ತಂದ. ಮುಖಪುಟದಲ್ಲಿ ಲೇಖಕ ಸ್ಟಿಲ್‌ಮನ್ ಹೆಸರಿತ್ತು, ಮೈಬ್ರಿಡ್ಜ್‌ದಿಲ್ಲ! ಕೆಲಸ ನಿನ್ನದೇನಾ ಅಂತ ಅನುಮಾನ ಹುಟ್ಟಿ ರಾಯಲ್ ಸೊಸೈಟಿ ಅವನ ಪ್ರಬಂಧ ಅಚ್ಚು ಹಾಕಲಿಲ್ಲ. ಕೇಸು ಹಾಕಿ ಸೋತ. ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮತ್ತೆ ಮೊದಲಿಂದ ಶುರುಮಾಡಿ, 1887ರಲ್ಲಿ 781 ಫಲಕಗಳ 'ಅನಿಮಲ್ ಲೋಕೋಮೋಷನ್' ಹೊರತಂದ. ಈ ಸಲ ಹೆಸರು ಅವನದೇ.

ಆ ಗಾಜಿನ ತಟ್ಟೆಗಳಲ್ಲಿ ಬಹುಪಾಲು ಅವನ ಹುಟ್ಟೂರು, ಇಂಗ್ಲೆಂಡಿನ ಕಿಂಗ್‌ಸ್ಟನ್ನಿನ ಮ್ಯೂಸಿಯಂ ಸೇರಿವೆ. ಚಿತ್ರ ಸಿಕ್ಕರೆ ನೋಡಿ, ಕುದುರೆಗಳು ರಬ್ಬರಿನ ಹಾಗೆ ಉದ್ದಕ್ಕೆ ಎಳೆದುಕೊಂಡಿವೆ.