ಠಾಣೆ ಖಾಡಿಯ ನಿವಟಿ

ಬಂಗುಡೆ, ಭೂತಾಯಿ ಎಂದರೆ ನಮ್ಮ ಕರಾವಳಿಯವರ ಬಾಯಲ್ಲಿ ನೀರೂರುತ್ತದೆ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬಿಡಾರ ಹೂಡಿದ ನಾವು ನೆರೆಯ ಖಾಡಿಯ ಮೀನೊಂದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಅದೇ ನಿವಟಿ, ಕೆಸರಿನ ಮೇಲೆ ತೆವಳಿ ಕುಪ್ಪಳಿಸುವ ಮೀನು.

ಸಮುದ್ರ ಇಳಿದು ಕೆಸರು ತೆರೆದುಕೊಂಡಾಗ ಇತರ ಮೀನುಗಳು ನೀರಿನೊಡನೆ ಹಿಂದೆ ಸರಿಯುತ್ತವೆ. ನಿವಟಿ ಮಾತ್ರ ಆಗಲೇ ಬಿಲದಿಂದ ಹೊರಬೀಳುತ್ತದೆ. ಕಿವಿರಿನ ಕೋಣೆಯಲ್ಲಿ ನೀರು ಹಿಡಿದಿಟ್ಟುಕೊಂಡು, ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತದೆ. ಎದೆಯ ರೆಕ್ಕೆಗಳೇ ಅದಕ್ಕೆ ಊರುಗೋಲು. ನೆತ್ತಿಯ ಮೇಲೆ ಉಬ್ಬಿದ ಕಣ್ಣುಗಳಿಂದ ಸುತ್ತಲೂ ನೋಡುತ್ತ, ಕೆಸರಿನ ಮೇಲ್ಪದರದ ಸೂಕ್ಷ್ಮ ಪಾಚಿಯನ್ನು ಮೇಯುತ್ತದೆ. ಹಕ್ಕಿಯ ನೆರಳು ಬಿದ್ದರೆ ಬಿಲವೇ ಗತಿ, ಮೊಟ್ಟೆಯಿಡುವುದೂ ಅಲ್ಲಿಯೇ.

ಇದಕ್ಕೆ ವಿಜ್ಞಾನದ ಹೆಸರು ಬಂದದ್ದು 1837ರಲ್ಲಿ. ಫ್ರೆಂಚ್ ವರ್ತಕ ದ್ಯುಸುಮಿಯೇ ಮುಂಬಯಿಯಿಂದ ಒಯ್ದ ಮೀನನ್ನು ವಿವರಿಸಿದ ವಾಲೆನ್ಸಿಯೆನ್ ಎಂಬ ಪಂಡಿತ, ಬೋಲಿಯೋಫ್ತಾಲ್ಮಸ್ ದುಸ್ಸುಮಿಯೇರಿ ಎಂದು ಅವನ ಹೆಸರನ್ನೇ ಅದಕ್ಕಿಟ್ಟನು. ಆಗಿನ್ನೂ ಇಲ್ಲಿ ರೈಲಿರಲಿಲ್ಲ. 1853ರ ಏಪ್ರಿಲ್ 16ರಂದು ಠಾಣೆಗೆ ಬಂದ ರೈಲು, 1854ರಲ್ಲಿ ಖಾಡಿಯನ್ನು ದಾಟಿ ಕಲ್ಯಾಣ ಮುಟ್ಟಿತು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, 1973ರಲ್ಲಿ ವಾಶಿ ಸೇತುವೆ ತೆರೆದ ಮೇಲೆ ಪೂರ್ವದಂಡೆಯ ಉಪ್ಪಿನಗದ್ದೆ, ಜೌಗುನೆಲಗಳು ನಗರವಾದವು. ನಮ್ಮಲ್ಲಿ ಹಲವರಿಗೆ ಸೂರು ಸಿಕ್ಕಿತು; ಆದರೆ ನಿವಟಿಯ ಮೇವಿನ ನೆಲ ಕುಗ್ಗಿತು, ಕಾರ್ಖಾನೆಗಳ ಕೊಳೆನೀರೂ ಖಾಡಿಗೆ ಸೇರಿತು. ಕೆಸರಿಗಿಳಿದು ಬಿಲಕ್ಕೆ ಕೈಹಾಕಿ ನಿವಟಿ ಹಿಡಿದು ಮಾರುತ್ತಿದ್ದ ಕೋಲಿ ಕುಟುಂಬಗಳಿಗೆ ಅದು ಬರಿಯ ನಿಸರ್ಗದ ಮಾತಲ್ಲ, ಹೊಟ್ಟೆಯ ಮಾತು.

ಇಲ್ಲಿ ತಿವರ ಎನ್ನುವುದನ್ನೇ ನಮ್ಮ ಉತ್ತರ ಕನ್ನಡದಲ್ಲಿ ಕಾಂಡ್ಲಾ ಎನ್ನುತ್ತಾರೆ. ಅದರ ಬೇರು ಹಿಡಿದಿಟ್ಟ ಕೆಸರೇ ಇಂಥ ಜೀವಿಗಳಿಗೆ ಆಸರೆ. 2005ರಲ್ಲಿ ಮುಂಬಯಿ ಹೈಕೋರ್ಟು ಈ ಕಾಡನ್ನು ಕಡಿಯದಂತೆ ತಡೆಯಿತು. 2015ರಲ್ಲಿ ಖಾಡಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಕುಮಟೆಯ ಅಘನಾಶಿನಿ ಅಳಿವೆ ಅದೇ ಪಟ್ಟಿಗೆ ಸೇರಿದ್ದು 2024ರಲ್ಲಿ. ಹೀಗೆ ತವರಿನ ಅಳಿವೆಗೂ ನೆಲೆಸಿದೂರಿನ ಖಾಡಿಗೂ ಒಂದು ನಂಟು ಬೆಳೆದಿದೆ.

ಗುಲಾಬಿ ಹಕ್ಕಿಗಳನ್ನು ನೋಡಲು ಜನ ದೋಣಿಯೇರಿ ಹೋಗುತ್ತಾರೆ. ಕೆಸರಿನ ಬಣ್ಣದ ನಿವಟಿಗೆ ಆ ಭಾಗ್ಯವಿಲ್ಲ. ಆದರೂ ಹಕ್ಕಿ ಮೇಯುವುದೂ ಮೀನು ಮೇಯುವುದೂ ಅದೇ ಖಾಡಿಯನ್ನು. ಊರಿನ ಹೊಳೆಯನ್ನು ನೆನೆದು ಹಲುಬುವ ನಾವು, ಅನ್ನ ಕೊಟ್ಟ ಊರಿನ ಖಾಡಿಗೆ ಕಸ ಎಸೆಯದಂತೆ ನಮ್ಮ ಮಕ್ಕಳಿಗೆ ಕಲಿಸಿದರೆ ಆ ಋಣದಲ್ಲಿ ಒಂದಿಷ್ಟಾದರೂ ತೀರೀತು.